ಗೋಪಿಯ ಮದುವೆ ಮತ್ತು ಅಜ್ಜಿಯ ಕಾಫಿ

ಹಿತ್ತಾಳೆ ಫಿಲ್ಟರಿನ ಮುಚ್ಚಳ ತೆಗೆದ ಕೂಡಲೇ ಬಂದ ವಾಸನೆಗೆ ನಾನು ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಕಾಫಿಯ ವಾಸನೆ ಎಂದರೆ ಪೂರ್ತಿ ನಿಜವಾಗುವುದಿಲ್ಲ; ಇಪ್ಪತ್ತು ವರ್ಷಕ್ಕೂ ಮೀರಿ ಯಾರೂ ಅದಕ್ಕೆ ಬಿಸಿನೀರು ಹುಯ್ದಿರಲಿಲ್ಲ. ಹಿತ್ತಾಳೆಯ ಒಗರು, ಚಿಕೋರಿಯ ಕಮಟು ಸಿಹಿ, ಸುತ್ತಿಟ್ಟಿದ್ದ ಪೇಪರಿನ ಧೂಳು ಎಲ್ಲ ಸೇರಿಕೊಂಡ ವಾಸನೆ ಅದು. ನ್ಯೂಜಿಲೆಂಡಿನ ಹಿಲ್ಸ್‌ಬರೋದ ನಮ್ಮ ಮನೆ ಮಾರಾಟವಾಗಿತ್ತು. ಕೊಂಡವರು ಅದನ್ನು ಒಡೆದು ಅದೇ ಜಾಗದಲ್ಲಿ ಸಾಲಾಗಿ ಟೌನ್‌ಹೌಸ್ ಕಟ್ಟುತ್ತಾರಂತೆ. ಅಪ್ಪ ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಅಮ್ಮ ಪುಕೆಕೊಹೆಯಲ್ಲಿರುವ ನನ್ನ ಅಣ್ಣನ ಮನೆ ಸೇರಿ ಒಂದು ವರ್ಷ. ಉಳಿದಿದ್ದ ಚಿಲ್ಲರೆ ಸಾಮಾನು ಖಾಲಿ ಮಾಡಲೆಂದು ನಾನು ಕೆಲಸ ಮಾಡುವ ಪೊರಿರುವಾದಿಂದ ಎರಡು ದಿನ ರಜೆ ಹಾಕಿ ಬಂದಿದ್ದೆ. ಅಣ್ಣ ಸಾಮಾನು ಸಾಗಿಸುವ ತನ್ನ ಯೂಟ್ ಗಾಡಿಯ ಹಿಂದೆ ಹಳೆಯ ಮಂಚ ಕಟ್ಟುತ್ತಿದ್ದವನು, ನನ್ನ ಕೈಯಲ್ಲಿದ್ದ ಫಿಲ್ಟರನ್ನು ನೋಡಿ ಹಗ್ಗ ಬಿಟ್ಟು ನಿಂತ.

ನಿಮಗೆ ಇದನ್ನೆಲ್ಲ ಹೇಳುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಕಟ್ಟಡಗಳ ತಪಾಸಣೆ ನನ್ನ ಕೆಲಸ. ಇಲ್ಲಿ ನೀರು ಸೋರುತ್ತದೆ, ಈ ತೊಲೆ ಭಾರ ತಡೆಯುವುದಿಲ್ಲ, ಈ ಮೆಟ್ಟಿಲು ಕಿತ್ತು ಮತ್ತೆ ಕಟ್ಟಿ ಎಂದು ಜನರ ಮುಖಕ್ಕೆ ಹೇಳಿ ಸಂಬಳ ತೆಗೆದುಕೊಳ್ಳುವವಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಆ ಒದೆ ನನಗೆ ಅಭ್ಯಾಸವಾಗಿದೆ. ನನ್ನ ಜೊತೆಯವರೆಲ್ಲ ಕಾಫಿಯ ಹುಚ್ಚಿನವರು. ಬೆಳಿಗ್ಗೆ ಒಂದು, ಸೈಟಿಗೆ ಹೋಗುವ ದಾರಿಯಲ್ಲಿ ಒಂದು, ವಾಪಸು ಬಂದು ಒಂದು. ನಾನೊಬ್ಬಳೇ ಮುಟ್ಟುವುದಿಲ್ಲ. ಯಾಕೆಂದು ಕೇಳಿದರೆ ಅಸಿಡಿಟಿ ಎನ್ನುತ್ತೇನೆ. ಅಸಿಡಿಟಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಹತ್ತು ವರ್ಷವಿದ್ದಾಗ ಆಡಿದ ಒಂದು ಮಾತು ಇದೆ, ಅದು ಇನ್ನೂ ಗಂಟಲಲ್ಲೇ ಕೂತಿದೆ, ಕಾಫಿ ಅದನ್ನು ದಾಟಿ ಇಳಿಯುವುದಿಲ್ಲ, ಅಷ್ಟೇ.

ಆ ಮನೆ ನಿಮ್ಮ ಕಣ್ಣಿಗೆ ಕಾಣಬೇಕು. ಇಳಿಜಾರಿನಲ್ಲಿದ್ದ ಮರದ ಮನೆ, ನಡೆದರೆ ಕಿರ್ರೆನ್ನುವ ಹಲಗೆಗಳು, ಅದರ ಮೇಲೆ ಹಿಂದಿನವರು ಬಿಟ್ಟುಹೋದ ಹಸಿರು ಕಾರ್ಪೆಟ್ಟು. ಅಡಿಗೆಮನೆಯ ಕಿಟಕಿಯಿಂದ ಮನುಕಾವು ಕೊಲ್ಲಿ ಕಾಣುತ್ತಿತ್ತು. ನೀರು ಇಳಿದಾಗ ಬರೀ ಕೆಸರು, ಏರಿದಾಗ ಬೆಳ್ಳಿ. ಅಪ್ಪ ಮೈಸೂರಿನಲ್ಲಿ ಇಂಜಿನಿಯರಾಗಿದ್ದವರು, ಇಲ್ಲಿ ಮೊದಲ ಎರಡು ವರ್ಷ ಪುಕೆಕೊಹೆಯ ತರಕಾರಿ ಪ್ಯಾಕಿಂಗ್ ಶೆಡ್ಡಿನಲ್ಲಿ ಈರುಳ್ಳಿ ವಿಂಗಡಿಸಿದರು. ಸಂಜೆ ಅವರು ಬಾಗಿಲು ತೆಗೆದರೆ ಮೊದಲು ಒಳಗೆ ಬರುತ್ತಿದ್ದದ್ದು ಈರುಳ್ಳಿ, ಆಮೇಲೆ ಅಪ್ಪ. ಅಮ್ಮ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಹಗಲೆಲ್ಲ ಮನೆಯಲ್ಲಿ ಯಾರೂ ಇಲ್ಲ, ನಾವು ಸ್ಕೂಲಿನಿಂದ ಬಂದರೆ ಬೀಗ. ಅದಕ್ಕೇ ಅಪ್ಪನ ತಾಯಿಯನ್ನು ಮೈಸೂರಿನಿಂದ ಕರೆಸಿದರು. ಅಜ್ಜಿ ಬಂದಿಳಿದದ್ದು ಒಂಬತ್ತು ಗಜದ ಸೀರೆ, ಅಪ್ಪನ ಹಳೆಯ ಸ್ವೆಟರು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು. ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಚೀಲದಲ್ಲಿ ಈ ಫಿಲ್ಟರು ಇತ್ತು. ಏರ್‌ಪೋರ್ಟಿನವರು ಅದನ್ನು ಬಿಚ್ಚಿ, ಅಲುಗಾಡಿಸಿ, ಮೂಸಿ ನೋಡಿದರಂತೆ. "ಮೂಸ್ಲಿ ಬಿಡು, ಪಾಪ. ಅವರಿಗೆಲ್ಲಿ ಸಿಗ್ಬೇಕು ಇಂಥ ವಾಸನೆ" ಎಂದು ಅಜ್ಜಿ ಅದನ್ನು ತಿಂಗಳಾನುಗಟ್ಟಲೆ ಹೇಳಿದಳು.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬೀದಿ ತುದಿಯ ಡೇರಿ ಅಂಗಡಿಗೆ ಹಾಲು ತರಲು ಹೋದರೆ ಕೈಬೆರಳಲ್ಲೇ ವ್ಯವಹಾರ. ಮಧ್ಯಾಹ್ನ ಒಬ್ಬಳೇ ಕೂತು ಟಿವಿ ಹಾಕಿದಾಗ ಅವಳ ಕಣ್ಣಿಗೆ ಬಿದ್ದದ್ದು ಒಂದು ಹಳೆಯ ಅಮೆರಿಕನ್ ನಗೆ ಧಾರಾವಾಹಿ. ಕಪ್ಪುಬಿಳುಪಿನದು, ನಮ್ಮಪ್ಪ ಹುಟ್ಟಿದ ಕಾಲದ್ದು, ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಎರಡೂವರೆಗೆ ಮರುಪ್ರಸಾರವಾಗುತ್ತಿತ್ತು. ಒಂದು ಸಣ್ಣ ಊರು, ಅಲ್ಲೊಬ್ಬ ಹದಿನೇಳರ ಹುಡುಗ, ಅವನಪ್ಪನಿಗೆ ಬೂಟಿನ ಅಂಗಡಿ. ಹುಡುಗನಿಗೆ ಪ್ರೇಮ ಬಿಟ್ಟರೆ ಬೇರೆ ಕಸುಬಿಲ್ಲ. ಬರೆದ ಪ್ರೇಮಪತ್ರಗಳನ್ನು ಬೂಟಿನ ಡಬ್ಬಗಳಲ್ಲಿ ಬಚ್ಚಿಡುತ್ತಿದ್ದ, ಅವನಪ್ಪ ತಿಳಿಯದೆ ಆ ಡಬ್ಬಗಳನ್ನು ಗಿರಾಕಿಗಳಿಗೆ ಕೊಟ್ಟು ಕಳಿಸುತ್ತಿದ್ದ, ಊರಿನ ಮುದುಕಿಯರೆಲ್ಲ ಪತ್ರ ಓದಿಕೊಂಡು ಕೆನ್ನೆ ಕೆಂಪು ಮಾಡಿಕೊಳ್ಳುತ್ತಿದ್ದರು. ದೊಡ್ಡ ಹಿತ್ತಾಳೆ ವಾದ್ಯ ಊದುವ ಬಡಕಲು ಗೆಳೆಯನೊಬ್ಬ, ಸದಾ ಸೌಟು ಹಿಡಿದೇ ಓಡಾಡುವ ತಾಯಿ. ಅಜ್ಜಿ ಎಲ್ಲರಿಗೂ ನಾಮಕರಣ ಮಾಡಿದಳು. ಹುಡುಗ ಗೋಪಿ, ಗೆಳೆಯ ತುತ್ತೂರಿ, ಅಪ್ಪ ಬೂಟಿನ ರಾಯರು, ತಾಯಿ ಸೌಟಮ್ಮ. ಧಾರಾವಾಹಿಯ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅದು ಗೋಪಿ, ಅಷ್ಟೇ.

ಮೊದಮೊದಲು ಒಬ್ಬಳೇ ನೋಡುತ್ತಿದ್ದ ಅಜ್ಜಿಗೆ ಮಾತು ತಿಳಿಯದೆ ಸಂಕಟವಾಗುತ್ತಿತ್ತು. ಅಣ್ಣ ಸುಧಿ, ಆಗ ಹದಿನಾರು, ಅವಳಿಗೆ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡುವುದನ್ನು ಕಲಿಸಿದ. ಒತ್ತಬೇಕಾದ ಗುಂಡಿಗೆ ಅಜ್ಜಿ ಕುಂಕುಮ ಹಚ್ಚಿಕೊಂಡಳು, ಮರೆಯದಿರಲಿ ಎಂದು. ಎರಡೂವರೆಗೆ ಸರಿಯಾಗಿ ಗುಂಡಿ ಒತ್ತಿ ಟಿವಿ ಆರಿಸಿಬಿಡುತ್ತಿದ್ದಳು. ಒಳಗೆ ಟೇಪು ಓಡುತ್ತಿದ್ದರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. "ನೀವು ಬರೋಕೆ ಮುಂಚೆ ನಾನು ನೋಡಿದ್ರೆ ಎಂಜಲಾಗತ್ತೆ" ಎನ್ನುತ್ತಿದ್ದಳು. ನಾವು ಮೂರೂವರೆಗೆ ಬಂದು ಬ್ಯಾಗು ಬಿಸಾಕುವ ಹೊತ್ತಿಗೆ ಅವಳ ಕಾಫಿ ತಯಾರಾಗಿರುತ್ತಿತ್ತು. ಕಾರ್ಪೆಟ್ಟಿನ ಮೇಲೆ ತನ್ನ ಚಾಪೆ ಹಾಸಿ, ಗೋಡೆಗೆ ಒರಗಿ, ಹಿತ್ತಾಳೆ ಲೋಟವನ್ನು ಸೆರಗಿನಲ್ಲಿ ಹಿಡಿದು, "ಹೂಂ, ಹಾಕೋ" ಎನ್ನುತ್ತಿದ್ದಳು. ಅಣ್ಣ ಟಿವಿಯ ದನಿ ತಗ್ಗಿಸಿ ಪಕ್ಕದಲ್ಲಿ ಮಂಡಿಯೂರಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಗೋಪಿಗೆ ಒಂದು ಗಂಟಲು, ರಾಯರಿಗೆ ಒಂದು, ಸೌಟಮ್ಮನಿಗೆ ನಮ್ಮಮ್ಮನದೇ ಗಂಟಲು. ಅಜ್ಜಿ ಒಂದೊಂದು ಗುಟುಕು ಕಾಫಿ ಹೀರಿ ಒಂದೊಂದು ಮಾತು ನುಂಗುತ್ತಿದ್ದಳು. ಎಷ್ಟೋ ದಿನ ಅಣ್ಣನ ಗೆಳೆಯ ಸಿಯೋನೆಯೂ ಬಂದು ಕೂರುತ್ತಿದ್ದ. ಟೋಂಗಾ ದ್ವೀಪದವರ ಹುಡುಗ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಜ್ಜಿಯ ಕೋಡುಬಳೆ ಡಬ್ಬ ಅವನ ಮಡಿಲಲ್ಲೇ ಇರುತ್ತಿತ್ತು.

ತೊಂದರೆ ಏನಾಯಿತು ಎಂದರೆ, ಗೋಪಿ ಪ್ರತಿ ಕಂತಿನಲ್ಲೂ ಹೊಸ ಹುಡುಗಿಯನ್ನು ಪ್ರೀತಿಸುತ್ತಿದ್ದ. ಆ ಧಾರಾವಾಹಿಯ ತಮಾಷೆಯೇ ಅದು. ಮೂರನೆಯ ದಿನ ಅಜ್ಜಿ ಲೋಟ ಕೆಳಗಿಟ್ಟು, "ಇದೇನೋ ಇದು? ನೆನ್ನೆ ಒಬ್ಬಳು, ಇವತ್ತು ಒಬ್ಬಳು? ಥೂ, ನಿಲ್ಸು. ಇಂಥ ಪೋಲಿ ಸಹವಾಸ ನಿಮಗೆ ಬೇಡ" ಎಂದುಬಿಟ್ಟಳು. ಆ ಮೂರೂವರೆಯ ಹೊತ್ತು ಅಣ್ಣನಿಗೂ ಬೇಕಾಗಿತ್ತು. ಸಿಕ್ಕಿದ್ದನ್ನು ಹೇಳಿಬಿಟ್ಟ: "ಅದೇ ಹುಡುಗಿ ಅಜ್ಜಿ! ತಲೆ ಬಾಚಿರೋದು ಬೇರೆ ಥರ." ಕಪ್ಪುಬಿಳುಪಿನ ಮಸುಕು ಚಿತ್ರದಲ್ಲಿ ಅಜ್ಜಿಯ ಕಣ್ಣಿಗೆ ಆ ಬಿಳಿ ಹುಡುಗಿಯರೆಲ್ಲ ಒಂದೇ ಥರ ಕಾಣುತ್ತಿದ್ದರು, ಒಪ್ಪಿಕೊಂಡಳು. ಕೂದಲಿನ ಬಣ್ಣ ಬದಲಾದರೆ ಹಚ್ಚಿಸಿಕೊಂಡಿದ್ದಾಳೆ ಎಂದ. ಎತ್ತರ ಬದಲಾದರೆ, "ಎತ್ತರದ ಚಪ್ಪಲಿ ಅಜ್ಜಿ, ಹೇಗಿದ್ರೂ ಗೋಪಿ ಅಪ್ಪಂದೇ ಅಂಗಡಿ ಅಲ್ವಾ" ಎಂದ. ಆ ಹುಡುಗಿಗೆ ಅಜ್ಜಿ ವತ್ಸಲ ಎಂದು ಹೆಸರಿಟ್ಟಳು. ಸಿಯೋನೆ ತನ್ನ ಜನ್ಮದಲ್ಲಿ ಕಲಿತ ಕನ್ನಡ ಎರಡೇ ಮಾತು. ಹೊಸ ಹುಡುಗಿ ಪರದೆಯ ಮೇಲೆ ಬಂದ ಕೂಡಲೇ ಕೋಡುಬಳೆ ಅಗಿಯುತ್ತಾ ಗಂಭೀರವಾಗಿ "ಅದೇ ಹುಡುಗಿ" ಎನ್ನುತ್ತಿದ್ದ. ಹೀಗೆ ಊರಲ್ಲೇ ಪೋಲಿಯಾಗಿದ್ದ ಒಬ್ಬ ಹುಡುಗ ನಮ್ಮ ಮನೆಯಲ್ಲಿ ಏಕಪತ್ನೀವ್ರತಸ್ಥನಾದ. ಒಂದೇ ಹುಡುಗಿಗಾಗಿ ದಿನಾ ಕಾಯುವ, ದಿನಾ ಸೋಲುವ, ಮರುದಿನ ಮತ್ತೆ ಹೂವು ಹಿಡಿದು ಹೋಗುವ ಗೋಪಿ.

ಮೂಲದ ಮಾತು ನನಗೆ ತಿಳಿಯುತ್ತಿತ್ತು. ಅಣ್ಣ ಹೇಳುವುದರಲ್ಲಿ ಎಷ್ಟು ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ, ಅದರ ಭಾರದಿಂದ ನನ್ನ ಹೊಟ್ಟೆ ಉಬ್ಬುತ್ತಿತ್ತು. ಬರಬರುತ್ತಾ ಸುಳ್ಳು ಬರೀ ಹುಡುಗಿಯ ವಿಷಯದಲ್ಲಿ ಉಳಿಯಲಿಲ್ಲ. ಅಣ್ಣನೇ ಆಗ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದ. ಅವಳು ಕ್ಲಾರಿನೆಟ್ಟಿನ ಕಪ್ಪು ಪೆಟ್ಟಿಗೆ ಹಿಡಿದು ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು, ಇವನು ಹಿಂದೆ ಕೂತು ಅವಳ ಜಡೆ ನೋಡುತ್ತಿದ್ದ. ಒಂದು ವರ್ಷದಲ್ಲಿ ಒಂದೇ ಒಂದು ಸಲ "ಸಾರಿ" ಎಂದಿದ್ದ, ಕಾಲು ತುಳಿದದ್ದಕ್ಕೆ. ಅವಳಿಗೆ ಹೇಳಲಾರದ್ದೆಲ್ಲ ಮೂರೂವರೆಗೆ ಗೋಪಿಯ ಬಾಯಲ್ಲಿ ಬರುತ್ತಿತ್ತು. ಪರದೆಯ ಮೇಲೆ ಗೋಪಿ "ಹಲೋ" ಎಂದರೆ ಅಣ್ಣ ಕನ್ನಡದಲ್ಲಿ ಅರ್ಧ ನಿಮಿಷ ಮಾತಾಡುತ್ತಿದ್ದ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿ ಮಾತಾಡ್ತಾನೋ ಮಗು" ಎನ್ನುತ್ತಿದ್ದಳು. ಹದಿಮೂರಕ್ಕೆ ಮದುವೆಯಾಗಿ ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡವಳು ಅವಳು. ತನಗಾಗಿ ಯಾರಾದರೂ ಹೂವು ಹಿಡಿದು ಕಾಯಬಹುದೆಂಬುದೇ ಅವಳಿಗೆ ಗೊತ್ತಿರಲಿಲ್ಲವೇನೋ.

ಚಳಿಗಾಲದ ಒಂದು ಸೋಮವಾರ ಅಣ್ಣನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಬಸ್ಸಿನ ಹುಡುಗಿಯ ಮನೆಯವರು ಕ್ರೈಸ್ಟ್‌ಚರ್ಚಿಗೆ ಹೊರಟಿದ್ದರು, ಅದು ಅವಳ ಕೊನೆಯ ವಾರ. ಅವತ್ತಿನ ಕಂತಿನಲ್ಲಿ ಗೋಪಿಯ ಅವತ್ತಿನ ಹುಡುಗಿ ರಜೆಗೆಂದು ಅತ್ತೆಯ ಮನೆಗೆ ರೈಲು ಹತ್ತುವ ಒಂದು ಸಣ್ಣ ದೃಶ್ಯವಿತ್ತು, ನಗಿಸುವುದಕ್ಕೆ ಇಟ್ಟದ್ದು. ಅಣ್ಣ ಅದನ್ನು ಹೇಳಿದ ರೀತಿಗೆ ಸಿಯೋನೆ ಕೂಡ ಅಗಿಯುವುದನ್ನು ನಿಲ್ಲಿಸಿದ. ವತ್ಸಲಳನ್ನು ಅವರಪ್ಪ ಕಾಣದ ಊರಿಗೆ ಸಾಗಿಸುತ್ತಿದ್ದಾನೆ, ಗೋಪಿ ರೈಲಿನ ಜೊತೆ ಓಡುತ್ತಾ, "ನೀನು ಎಲ್ಲಿದ್ರೂ ನಾನು ಇಲ್ಲೇ ಇರ್ತೀನಿ" ಅನ್ನುತ್ತಿದ್ದಾನೆ. ಅಣ್ಣನ ದನಿ ಒಡೆದು ನಿಂತೇಹೋಯಿತು. ಅಜ್ಜಿ ಅವನನ್ನು ನೋಡಿದಳು, ಟಿವಿ ನೋಡಿದಳು, ಮತ್ತೆ ಅವನನ್ನು ನೋಡಿದಳು. ಮರುದಿನ ಮೂರೂವರೆಗೆ ಚಾಪೆ ಹಾಸಿತ್ತು, ಅಜ್ಜಿ ಕೂತಿದ್ದಳು. ಕೈಯಲ್ಲಿ ಲೋಟ ಇರಲಿಲ್ಲ.

ಹುಷಾರಿಲ್ಲವೇನೋ ಎಂದುಕೊಂಡೆವು. ಮೂರು ದಿನವಾಯಿತು, ವಾರವಾಯಿತು. ಬೆಳಿಗ್ಗೆ ಕಾಫಿ ಇಲ್ಲದೆ ಮಾತೇ ಹೊರಡದ ಮುದುಕಿ ಬಿಸಿನೀರು ಕುಡಿದು ತಲೆಗೆ ಬಟ್ಟೆ ಬಿಗಿದುಕೊಂಡು ಕೂರುತ್ತಿದ್ದಳು. ಅಮ್ಮ ಗಟ್ಟಿಸಿ ಕೇಳಿದ ಮೇಲೆ ಬಾಯಿಬಿಟ್ಟಳು. "ಗೋಪಿಗೂ ವತ್ಸಲಂಗೂ ಮದುವೆ ಆಗೋವರೆಗೂ ಕಾಫಿ ಮುಟ್ಟಲ್ಲ ಅಂತ ನಂಜುಂಡೇಶ್ವರನಿಗೆ ಹೇಳ್ಕೊಂಡಿದೀನಿ ಕಣಮ್ಮ."

ಅಮ್ಮ ನಕ್ಕಳು, ಆಮೇಲೆ ಗಾಬರಿಯಾದಳು. "ಅತ್ತೆ, ಅದು ನಾಟಕ. ಆಡಿದವರೆಲ್ಲ ಈಗ ಮುದುಕರಾಗಿರ್ತಾರೆ."

"ನಾಟಕ ಅಂತ ನಂಗೂ ಗೊತ್ತು. ನಾಟಕದಲ್ಲಿ ಆದ್ರೆ ಸಾಕು. ಇಷ್ಟು ಕಾಯೋವ್ನಿಗೆ ನಾಟಕದಲ್ಲೂ ಸಿಗದೇ ಇದ್ರೆ ಇನ್ನೆಲ್ಲಿ ಸಿಗತ್ತೆ?"

ಹರಕೆ ಎಂದರೆ ಹರಕೆ. ನಂಜನಗೂಡಿನ ದೇವರಿಗೆ ಹಿಲ್ಸ್‌ಬರೋದ ಅಡಿಗೆಮನೆಯಿಂದ ಹೇಳಿಕೊಂಡರೂ ಅದು ತಲುಪಿಯೇ ತಲುಪುತ್ತದೆ, ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ಅಪ್ಪ ಈರುಳ್ಳಿ ಕೈಯಲ್ಲೇ ತಲೆ ಹಿಡಿದುಕೊಂಡರು. ಆದರೆ ಎಲ್ಲರಿಗಿಂತ ಹೆಚ್ಚು ಕುಸಿದುಹೋದವನು ಅಣ್ಣ. ಆ ಗೋಪಿಗೆ ಮದುವೆಯೇ ಆಗುವುದಿಲ್ಲ, ಆಗಿಬಿಟ್ಟರೆ ಮರುದಿನ ಹೊಸ ಹುಡುಗಿ ಹೇಗೆ ಬರಬೇಕು? ವತ್ಸಲ ಎಂಬುವಳೇ ಇಲ್ಲ. ಅಣ್ಣ ಹೆಣೆದ ಸುಳ್ಳಿನ ಮೇಲೆ ಅಜ್ಜಿ ತನ್ನ ಇದ್ದ ಒಂದೇ ಒಂದು ಸುಖವನ್ನು ಒತ್ತೆ ಇಟ್ಟಿದ್ದಳು. ಅವನು ದಿನಾ ಟಿವಿ ಮುಂದೆ ಕೂತು ಒಂದು ಮದುವೆಗಾಗಿ ಹುಡುಕತೊಡಗಿದ. ಕಂತು ಮುಗಿಯುವಾಗ ಅಜ್ಜಿ "ಇವತ್ತೂ ಆಗ್ಲಿಲ್ವಾ?" ಎಂದು ಕೇಳುವಳು. ಇವನು ತಲೆ ಅಲ್ಲಾಡಿಸುವನು. ಹೀಗೆ ಎರಡು ತಿಂಗಳು ಕಳೆಯಿತು.

ಅಂತೂ ಮದುವೆ ಬಂತು. ಅಣ್ಣ ಜ್ವರವೆಂದು ಮನೆಯಲ್ಲಿದ್ದ ಒಂದು ದಿನ, ಅಜ್ಜಿ ರೆಕಾರ್ಡಿಗೆ ಗುಂಡಿ ಒತ್ತಿ ಮಲಗಿದ್ದಾಗ, ದನಿ ಪೂರ್ತಿ ತಗ್ಗಿಸಿ ಎರಡೂವರೆಯ ಕಂತನ್ನು ತಾನೇ ಎಂಜಲು ಮಾಡಿದ. ನಾನು ಸ್ಕೂಲಿನಿಂದ ಬರುವಾಗ ಕಂಬಳಿ ಹೊದ್ದು ಗೇಟಿನ ಹತ್ತಿರ ನಿಂತಿದ್ದ. "ಇವತ್ತು ಮದುವೆ ಮಾಡಿಸ್ತೀನಿ. ನೀನು ಮಾತ್ರ ಬಾಯಿ ಮುಚ್ಕೊಂಡಿರು" ಎಂದ. ಅವನು ನನಗೆ ಹೇಳಿದ ಕಥೆ ಇಷ್ಟು: ಗೋಪಿ ಅಂಗಡಿಯಲ್ಲಿ ಬೂಟಿನ ಡಬ್ಬಗಳ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾನೆ, ಕನಸಿನಲ್ಲಿ ಅವನಿಗೆ ಮದುವೆಯಾಗುತ್ತದೆ, ಕೊನೆಗೆ ಸೌಟಮ್ಮ ಬಂದು ಎಬ್ಬಿಸುತ್ತಾಳೆ. ಕನಸು ಶುರುವಾಗುವಾಗ ಚಿತ್ರ ನೀರಿನ ಹಾಗೆ ಅಲುಗಿತು. "ಟೇಪು ಸ್ವಲ್ಪ ಕೆಟ್ಟಿದೆ ಅಜ್ಜಿ" ಎಂದ ಅಣ್ಣ. ಆಮೇಲೆ ಚರ್ಚು, ಬಿಳಿ ಬಟ್ಟೆಯ ವತ್ಸಲ, ತುತ್ತೂರಿಯವನ ವಾದ್ಯ, ರಾಯರ ಕಣ್ಣೀರು. ಅಣ್ಣ ಮಂತ್ರವನ್ನೂ ಹೇಳಿದ, ಪಾದ್ರಿಯ ಬಾಯಲ್ಲಿ ಮಾಂಗಲ್ಯಂ ತಂತುನಾನೇನ. ಗೋಪಿ ಉಂಗುರ ತೊಡಿಸಿದ ಕ್ಷಣಕ್ಕೆ ಸರಿಯಾಗಿ ಟೇಪು ನಿಲ್ಲಿಸಿ, "ಮುಗೀತು ಅಜ್ಜಿ. ಆಯ್ತು ಮದುವೆ" ಎಂದ. ಅಜ್ಜಿ ಎದ್ದು ನಿಂತು ಟಿವಿಗೇ ಅಕ್ಷತೆ ಹಾಕಿದಳು. ಟೇಪಿನ ಮೇಲೆ ಅಣ್ಣ ಕನ್ನಡದಲ್ಲಿ "ಮದುವೆ. ಅಳಿಸಬೇಡಿ" ಎಂದು ಚೀಟಿ ಅಂಟಿಸಿದ.

ಆ ಸಂಜೆ ಹೆಸರುಬೇಳೆ ಪಾಯಸವಾಯಿತು. ಅಜ್ಜಿ ಅಣ್ಣನಿಗೆ ಎರಡು ಬಟ್ಟಲು ಬಡಿಸಿದಳು, ನನಗೆ ಒಂದು. ಯಾಕೆ ಎಂದೆ. "ಅವನು ಕಥೆ ಹೇಳ್ದ, ಗಂಟಲು ಒಣಗಿದೆ. ನೀನು ಬರೀ ಕೇಳ್ದೆ" ಎಂದು ನನ್ನ ಕೆನ್ನೆ ಹಿಂಡಿದಳು. ಅವಳು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಹೊಟ್ಟೆಯೊಳಗೆ ಬೆಂಕಿ ಬಿತ್ತು. ತಿಂಗಳಾನುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವಳು ನಾನು, ಸುಳ್ಳು ಹೇಳಿದವನಿಗೆ ಎರಡು ಬಟ್ಟಲು! ಮರುದಿನ ಬೆಳಿಗ್ಗೆ ಅಜ್ಜಿ ತಲೆಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ತಾನೇ ಈ ಫಿಲ್ಟರಿಗೆ ಪುಡಿ ಒತ್ತಿ, ಬಿಸಿನೀರು ಹುಯ್ದು, ಡಿಕಾಕ್ಷನ್ ಇಳಿಯುವುದನ್ನು ಮುಂದೆ ಕೂತು ಕಾದಳು. ಇಡೀ ಮನೆ ಘಮ್ಮೆಂದಿತು. ಲೋಟಕ್ಕೆ ಸುರಿದು, ನೊರೆ ಬರುವಂತೆ ಎತ್ತಿ ಹುಯ್ದು, ಬಾಯಿಯವರೆಗೆ ತಂದಳು. ಅಮ್ಮ, ಅಪ್ಪ, ಅಣ್ಣ ಎಲ್ಲ ನೋಡುತ್ತಿದ್ದರು. ನಾನು ಹೇಳಿದೆ, "ಅಜ್ಜಿ, ಅದು ಕನಸು. ಆಮೇಲೆ ಅವನು ಎದ್ದ. ಅಣ್ಣ ನಿಲ್ಲಿಸಿಬಿಟ್ಟ."

ಅಜ್ಜಿ ಅಣ್ಣನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಲೋಟವನ್ನು ತುಟಿಯಿಂದ ಇಳಿಸಿ ಕಟ್ಟೆಯ ಮೇಲಿಟ್ಟು, "ಕನಸಿನ ಮದುವೆಗೆ ಹರಕೆ ತೀರಲ್ಲ ಬಿಡು. ಸದ್ಯ, ಕುಡಿಯೋಕೆ ಮುಂಚೆ ಹೇಳಿದೆ ಪುಟ್ಟಿ. ನೀನು ಸತ್ಯವಂತೆ" ಎಂದು ನನ್ನ ತಲೆ ಸವರಿ ದೇವರ ಮುಂದೆ ಹೋಗಿ ಕೂತಳು. ಕಾಫಿಯನ್ನು ಅಮ್ಮ ಸಿಂಕಿಗೆ ಸುರಿದಳು. ನನ್ನನ್ನು ತೋಳು ಹಿಡಿದು ಹಿಂದಿನ ಮೆಟ್ಟಿಲಿಗೆ ಎಳೆದೊಯ್ದು, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ದೊಡ್ಡೋರು. ನೀನು ಒಂದೇ ಒಂದು ನಿಜ ಹೇಳಿ ಕೆಡಿಸಿದ್ಯಲ್ಲೇ" ಎಂದಳು. ಹೊಡೆದಿದ್ದರೆ ವಾಸಿಯಿತ್ತು.

ಆಮೇಲೂ ಅಜ್ಜಿ ಮೂರೂವರೆಗೆ ಚಾಪೆ ಹಾಸುತ್ತಿದ್ದಳು, ಖಾಲಿ ಕೈಯಲ್ಲಿ. ಅಣ್ಣ ಹೇಳುತ್ತಿದ್ದ, ಆದರೆ ಬರೀ ಇದ್ದದ್ದನ್ನು, ಇದ್ದಷ್ಟೇ. ಅದರಲ್ಲಿ ರುಚಿಯೇ ಇರಲಿಲ್ಲ. ಹುಡುಗಿ ಬದಲಾದರೆ ಬದಲಾಗಿದ್ದಾಳೆ ಎನ್ನುತ್ತಿದ್ದ. ಅಜ್ಜಿ ಒಪ್ಪುತ್ತಿರಲಿಲ್ಲ. "ಸುಮ್ನಿರೋ, ಅದೇ ಹುಡುಗಿ" ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಚಾನೆಲಿನವರು ಧಾರಾವಾಹಿ ನಿಲ್ಲಿಸಿ ಆ ಹೊತ್ತಿಗೆ ಅಡಿಗೆ ಕಾರ್ಯಕ್ರಮ ಹಾಕಿದರು. ವೀಸಾ ಮುಗಿದು ಅಜ್ಜಿ ಮೈಸೂರಿಗೆ ಹೊರಟಳು. ಫಿಲ್ಟರನ್ನೂ ಲೋಟವನ್ನೂ ಇಲ್ಲೇ ಬಿಟ್ಟಳು. "ನಂಗೀಗ ಯಾಕೆ? ಗೋಪಿ ಮದುವೆ ಆದ್ಮೇಲೆ ಕಳಿಸ್ಕೊಡಿ" ಎಂದಳು. ಅಮ್ಮ ಅವನ್ನು ಪೇಪರಿನಲ್ಲಿ ಸುತ್ತಿ ಗ್ಯಾರೇಜಿನಲ್ಲಿಟ್ಟಳು, ಮತ್ತೆ ಬಳಸಲಿಲ್ಲ.

ಭಾನುವಾರಗಳಂದು ಫೋನ್ ಮಾಡುತ್ತಿದ್ದೆವು. ಎಲ್ಲರ ಯೋಗಕ್ಷೇಮ ಮುಗಿದ ಮೇಲೆ ಅಜ್ಜಿ ಅಣ್ಣನನ್ನು ಕೇಳುವಳು, ಗೋಪಿಯ ಮದುವೆ ಆಯಿತೇ ಎಂದು. "ಇನ್ನೂ ಇಲ್ಲ ಅಜ್ಜಿ" ಎನ್ನುವನು. ಎರಡು ವರ್ಷವಾದ ಮೇಲೆ ಒಂದು ಭಾನುವಾರ ಅವನು ಕಣ್ಣು ಮುಚ್ಚಿಕೊಂಡು, "ಆಯ್ತು ಅಜ್ಜಿ. ಮತ್ತೆ ಹಾಕಿದ್ರು. ಹೋದ ವಾರ ಆಯ್ತು" ಎಂದ. ಅಜ್ಜಿ ನನಗೂ ಕೇಳಿಸುವ ಹಾಗೆ, "ಪುಟ್ಟಿ ಕೈಗೆ ಕೊಡು ಫೋನು. ಅವಳು ಸುಳ್ಳು ಹೇಳಲ್ಲ" ಎಂದಳು. ಅಣ್ಣ ರಿಸೀವರ್ ನನ್ನ ಕೈಗೆ ಕೊಟ್ಟ. ಕೊಡುವಾಗ ಎರಡು ಕೈಯಲ್ಲೂ ನನ್ನ ಕೈ ಹಿಡಿದುಕೊಂಡಿದ್ದ. ಬಾಯಿಬಿಟ್ಟು ಕೇಳಲಿಲ್ಲ, ಕಣ್ಣಲ್ಲೇ ಬೇಡಿಕೊಂಡ. ನನಗೆ ಆಗ ಹನ್ನೆರಡು. ಸತ್ಯವಂತೆ ಎಂಬ ಬಿರುದನ್ನು ಅಜ್ಜಿ ಕೊಟ್ಟಿದ್ದಳು, ಅದೊಂದೇ ನನಗಿದ್ದ ಆಸ್ತಿ ಎಂದುಕೊಂಡಿದ್ದೆ. ಎರಡು ಬಟ್ಟಲು ಪಾಯಸಕ್ಕಿಂತ ಅದು ದೊಡ್ಡದಾಗಿತ್ತು.

"ಇಲ್ಲ ಅಜ್ಜಿ, ಆಗಿಲ್ಲ" ಎಂದೆ.

"ಹೌದಾ. ಆಗ್ಲಿ ಬಿಡು, ನಿಧಾನಕ್ಕೆ ಆಗತ್ತೆ" ಎಂದಳು ಅಜ್ಜಿ. ಆಮೇಲೆ ಅವಳು ಆ ಪ್ರಶ್ನೆ ಕೇಳಲೇ ಇಲ್ಲ. ನಾನು ಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ತೀರಿಕೊಂಡಳು. ಏಳು ವರ್ಷಕ್ಕೂ ಮೇಲೆ ಕಾಫಿ ಮುಟ್ಟಿರಲಿಲ್ಲ. ಮೈಸೂರಿನ ಮನೆಯವರಿಗೆಲ್ಲ ಅದೊಂದು ತಮಾಷೆಯ ವಿಷಯವಾಗಿತ್ತು. ನ್ಯೂಜಿಲೆಂಡಿಗೆ ಹೋಗಿ ಬಂದು ದೊರೆಸಾನಿಯಾಗಿದ್ದಾಳೆ, ಕಾಫಿ ಸೇರುವುದಿಲ್ಲ ಎನ್ನುತ್ತಿದ್ದರಂತೆ. ಕಾರಣ ಗೊತ್ತಿದ್ದವರು ಭೂಮಿಯ ಈ ತುದಿಯಲ್ಲಿ ನಾಲ್ಕೇ ಜನ. ಅಣ್ಣನೂ ನಾನೂ ಈ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಅವನು ಓದಿದ, ಕೆಲಸ ಹಿಡಿದ, ಮದುವೆಯಾದ, ಎರಡು ಮಕ್ಕಳ ತಂದೆಯಾದ. ಆ ಮಕ್ಕಳಿಗೆ ಅವನು ಕನ್ನಡದಲ್ಲಿ ಕಥೆ ಹೇಳಿದ್ದನ್ನು ನಾನು ಕಾಣೆ. ನಮ್ಮ ನಡುವೆ ಜಗಳವಿರಲಿಲ್ಲ. ಹಬ್ಬಕ್ಕೆ ಫೋನ್, ಹುಟ್ಟುಹಬ್ಬಕ್ಕೆ ಮೆಸೇಜು, ಅಷ್ಟು ಮಾತು ಮಾತ್ರ ಉಳಿದಿತ್ತು. ಆ ಹೊಣೆ ನನ್ನದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಈಗ ಮತ್ತೆ ಗ್ಯಾರೇಜಿಗೆ ಬನ್ನಿ. ಫಿಲ್ಟರಿದ್ದ ಅದೇ ಡಬ್ಬದ ತಳದಲ್ಲಿ ಲೋಟವಿತ್ತು, ಅದರ ಕೆಳಗೆ ಟೇಪು. "ಮದುವೆ. ಅಳಿಸಬೇಡಿ." ಮೂಲೆಯಲ್ಲಿ ಹಳೆಯ ಟಿವಿ ಮತ್ತು ವಿಸಿಆರ್ ಕಸ ಸುರಿಯುವ ಟಿಪ್ಪಿಗೆ ಹೋಗಲು ಕಾಯುತ್ತಿದ್ದವು, ಗುಂಡಿಯ ಸಂದಿನಲ್ಲಿ ಕುಂಕುಮದ ಕೆಂಪು ಇನ್ನೂ ಇತ್ತು. ಅಣ್ಣ ಕೈ ಒರೆಸಿಕೊಂಡು ಬಂದು ಅವನ್ನು ಎತ್ತಿಕೊಂಡು ಒಳಗೆ ಹೋದ. ವೈರು ಸಿಕ್ಕಿಸಿದ. ಫಿಲ್ಟರನ್ನು ಉಜ್ಜಿ ತೊಳೆದು, ತನ್ನ ಗಾಡಿಯಲ್ಲಿದ್ದ ಪೊಟ್ಟಣದಿಂದ ಪುಡಿ ಹಾಕಿ, ನೀರು ಹುಯ್ದು ಕಿಟಕಿಯ ಹತ್ತಿರ ಇಟ್ಟ. ಡೇರಿಗೆ ಹೋಗಿ ಹಾಲು ತಂದು ಕಾಯಿಸಿದ. ಹಸಿರು ಕಾರ್ಪೆಟ್ಟಿನಲ್ಲಿ ಅಜ್ಜಿಯ ಚಾಪೆಯ ಜಾಗ ಖಾಲಿ ಬಿಟ್ಟು ಆ ಕಡೆ ಅವನು, ಈ ಕಡೆ ನಾನು ಕೂತೆವು. ಬಿಸಿಲು ಓರೆಯಾಗಿತ್ತು, ಗಡಿಯಾರವಿಲ್ಲದ ಗೋಡೆಯಲ್ಲೂ ಮೂರೂವರೆ ಎಂದು ತಿಳಿಯುತ್ತಿತ್ತು.

ಟೇಪು ಕೊರಕೊರ ಎನ್ನುತ್ತಾ ಓಡಿತು. ಅಣ್ಣ ದನಿ ತಗ್ಗಿಸಿ ಮೆಲ್ಲಗೆ ಹೇಳತೊಡಗಿದ. ಮೊದಲು ತಡವರಿಸಿದ, ಮಧ್ಯೆ ಮಧ್ಯೆ ಇಂಗ್ಲಿಷ್ ನುಗ್ಗಿತು, ಆಮೇಲೆ ಎಲ್ಲಿತ್ತೋ ಆ ಹಳೆಯ ಗಂಟಲು, ಒಂದೊಂದಾಗಿ ಎಲ್ಲರೂ ಬಂದರು. ಗೋಪಿ, ರಾಯರು, ಸೌಟಮ್ಮ. ಚಿತ್ರ ನೀರಿನ ಹಾಗೆ ಅಲುಗಿದಾಗ "ಟೇಪು ಕೆಟ್ಟಿದೆ" ಎಂದು ಇಬ್ಬರೂ ಒಟ್ಟಿಗೆ ಅಂದೆವು. ಉಂಗುರ ತೊಡಿಸುವ ಕ್ಷಣ ಬಂತು, ಅವನ ಕೈ ಗುಂಡಿಯ ಕಡೆ ಹೋಯಿತು, ಹೋಗಿ ವಾಪಸು ಬಂತು. ಈ ಸಲ ನಿಲ್ಲಿಸಲಿಲ್ಲ. ಗೋಪಿ ಬೂಟಿನ ಡಬ್ಬಗಳ ಮೇಲೆ ಕಣ್ಣುಬಿಟ್ಟ. ಸೌಟಮ್ಮ ಸೌಟು ಬೀಸುತ್ತಾ, ಅಂಗಡಿ ತೆಗೆಯುವ ಹೊತ್ತಾಯಿತು, ಏಳು ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಅಣ್ಣ ನಮ್ಮಮ್ಮನ ದನಿಯಲ್ಲಿ ಹೇಳಿದ: "ಏಳೋ ಗೋಪಿ! ಬೆಳಗಿನ ಜಾವದ ಕನಸು ನಿಜ ಆಗತ್ತಂತೆ. ಇವತ್ತೇ ನಿನ್ನ ಮದುವೆ, ಎಲ್ಲಾ ಬಂದು ಕೂತಿದಾರೆ, ಮುಹೂರ್ತ ಮೀರೋಗತ್ತೆ, ಏಳು!" ಪರದೆಯ ಮೇಲೆ ಹುಡುಗ ದಡಬಡಿಸಿ ಎದ್ದು, ಒಂದು ಕಾಲಿಗೆ ಬೂಟು ಇನ್ನೊಂದಕ್ಕೆ ಹೆಂಗಸರ ಎತ್ತರದ ಚಪ್ಪಲಿ ಮೆಟ್ಟಿಕೊಂಡು ಬಾಗಿಲಾಚೆ ಓಡಿಹೋದ. ತಾಯಿ ಅವನು ಹೋದ ದಿಕ್ಕಿಗೆ ನೋಡಿ ನಗುತ್ತಾ ಕಣ್ಣೊರೆಸಿಕೊಂಡಳು. ಅಲ್ಲಿಗೆ ಕಂತು ಮುಗಿಯಿತು. ಅಷ್ಟು ಸರಿಯಾಗಿ ಹೊಂದಿತ್ತು ಆ ಮಾತು, ಅವರು ಅದಕ್ಕೇ ಅಭಿನಯಿಸಿದ ಹಾಗೆ.

"ಅವತ್ತು ಹೊಳೀಲಿಲ್ಲ ಕಣೇ" ಎಂದ ಅಣ್ಣ.

"ಯಾವಾಗ ಹೊಳೀತು?"

"ಅಜ್ಜಿ ಹೋದ್ರು ಅಂತ ಫೋನ್ ಬಂತಲ್ಲ, ಅವತ್ತು."

ನನಗೆ ಅಳು ತಡೆಯಲಾಗಲಿಲ್ಲ. ಅವನು ಎದ್ದು ಹೋಗಿ ಕಾಫಿ ಬೆರೆಸಿ ಅಜ್ಜಿಯ ಲೋಟದಲ್ಲಿ ತಂದು, ಖಾಲಿ ಬಿಟ್ಟಿದ್ದ ಜಾಗದ ಮುಂದೆ ಇಟ್ಟ. ಆಮೇಲೆ ನನ್ನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ, ಅವತ್ತು ಫೋನ್ ಕೊಡುವಾಗ ಹಿಡಿದ ಹಾಗೆಯೇ. ಏನು ಬೇಡುತ್ತಿದ್ದಾನೆ ಎಂದು ಅವತ್ತೂ ಗೊತ್ತಿತ್ತು, ಈಗಲೂ ಗೊತ್ತಾಯಿತು. ನಾನು ಮೂಗು ಒರೆಸಿಕೊಂಡು, ಗೋಡೆಯ ಕಡೆ ತಿರುಗಿ ಹೇಳಿದೆ, "ಆಯ್ತು ಅಜ್ಜಿ. ಮದುವೆ ಆಯ್ತು. ಅದೇ ಹುಡುಗಿ. ನಾನೇ ಕಣ್ಣಾರೆ ನೋಡ್ದೆ."

ಕಾಫಿಯ ಹಬೆ ಆರುವವರೆಗೂ ಕಾದೆವು. ಆಮೇಲೆ ಅಣ್ಣ ಲೋಟ ಎತ್ತಿ ಅರ್ಧ ಕುಡಿದು, ಉಳಿದರ್ಧವನ್ನು ನನಗೆ ಕೊಟ್ಟ. ಕುಡಿದೆ, ಗಂಟಲಲ್ಲಿ ಇಳಿಯಿತು. ಎಂಜಲು ಎಂದು ಬೈಯುವವರು ಯಾರೂ ಆ ಮನೆಯಲ್ಲಿ ಇರಲಿಲ್ಲ.